ಮೊಬೈಲ್ ಕಿತ್ತುಕೊಳ್ಳುವ ಮೊದಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ರಜೆಯಲ್ಲಿ ಕೈಗೆ ಹತ್ತಿದ ಮೊಬೈಲನ್ನು ಈಗ ಬಿಡಿಸಲು ಆಗುತ್ತಿಲ್ಲ, ಬೈದರೂ ಹೊಡೆದರೂ ಕೇಳುತ್ತಿಲ್ಲ, ಏನು ಮಾಡೋಣ ಅಂತ. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯಲು ಜಾಗ ಸಾಲದು. ಬೇರೆ ಬೇರೆ ವಯಸ್ಸಿನ ಮಕ್ಕಳ ಬಗ್ಗೆ ಬಂದ ಕೆಲವನ್ನು ಆರಿಸಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಎರಡೂವರೆ ವರ್ಷ. ಮೊಬೈಲಿನಲ್ಲಿ ರೈಮ್ಸ್ ಹಾಕದಿದ್ದರೆ ಒಂದು ತುತ್ತೂ ಒಳಗೆ ಹೋಗುವುದಿಲ್ಲ. ಹಾಕಿದರೆ ತಟ್ಟೆ ಪೂರ್ತಿ ಖಾಲಿ. ನಿಲ್ಲಿಸಿದರೆ ಊಟ ಬಿಟ್ಟು ಸೊರಗುತ್ತಾಳೆ ಅಂತ ಭಯ, ಮೊದಲೇ ಅವಳು ಸಣ್ಣ.
ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಆ ಭಯದ ಬಗ್ಗೆಯೇ ಮಾತಾಡೋಣ. ಮೊಬೈಲ್ ತಟ್ಟೆಯ ಪಕ್ಕಕ್ಕೆ ಬಂದಿದ್ದೇ ಅದರಿಂದ. ಮಗು ಒಂದು ವರ್ಷ ತುಂಬುವಷ್ಟರಲ್ಲಿ ಹುಟ್ಟಿದಾಗಿನ ತೂಕದ ಸುಮಾರು ಮೂರು ಪಟ್ಟು ಆಗುತ್ತದೆ. ಆಮೇಲೆ ಆ ವೇಗ ಇರುವುದಿಲ್ಲ. ಎರಡನೇ ವರ್ಷ ಪೂರ್ತಿ ಸೇರಿ ಎರಡು, ಎರಡೂವರೆ ಕಿಲೋ ಏರುತ್ತದೆ ಅಷ್ಟೇ. ಬೆಳವಣಿಗೆ ನಿಧಾನವಾದಾಗ ಹಸಿವೂ ತಗ್ಗುತ್ತದೆ. ಅದು ಸಹಜ. ಆದರೆ ಸರಿಯಾಗಿ ಅದೇ ಹೊತ್ತಿಗೆ ಮನೆಯಲ್ಲಿ 'ಮಗು ಏನೂ ತಿನ್ನಲ್ಲ' ಅನ್ನುವ ಮಾತು ಶುರುವಾಗುತ್ತದೆ, ಬಂದವರೆಲ್ಲ 'ಯಾಕೆ ಇಷ್ಟು ಸಣ್ಣ ಆಗಿದ್ದಾಳೆ' ಅಂತ ಕೇಳುತ್ತಾರೆ, ತಾಯಿಗೆ ಹೇಗಾದರೂ ಮಾಡಿ ನಾಲ್ಕು ತುತ್ತು ಒಳಗೆ ಹಾಕಿದರೆ ಸಾಕು ಅನ್ನಿಸುತ್ತದೆ. ಆಗ ಮೊಬೈಲ್ ಬರುತ್ತದೆ.

ರೈಮ್ಸ್ ನೋಡುತ್ತಾ ತಿನ್ನುವ ಮಗುವಿನ ಗಮನ ಊಟದ ಮೇಲೆ ಇರುವುದಿಲ್ಲ. ಬಾಯಿ ತೆರೆಯುತ್ತದೆ, ನುಂಗುತ್ತದೆ. ಹಸಿವಾಗಿದೆಯೋ, ಹೊಟ್ಟೆ ತುಂಬಿತೋ, ಬಾಯಲ್ಲಿರುವುದು ಹುಳಿಯೋ ಸಿಹಿಯೋ, ಯಾವುದೂ ಗಮನಕ್ಕೆ ಬರುವುದಿಲ್ಲ. ತಟ್ಟೆ ಖಾಲಿಯಾಗಿದ್ದು ನಿಜ, ಆದರೆ ಊಟ ಮಾಡುವುದನ್ನು ಅವಳು ಕಲಿಯಲಿಲ್ಲ.

ಬಿಡಿಸುವ ಮೊದಲು ಎರಡು ವಿಷಯ ನೋಡಿ. ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾಳೆ? ಅರ್ಧ ಲೀಟರಿಗಿಂತ ಜಾಸ್ತಿ ಕುಡಿಯುವ ಮಗುವಿಗೆ ಅನ್ನಕ್ಕೆ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ, ಜೊತೆಗೆ ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ, ಅದರಿಂದ ಹಸಿವು ಇನ್ನೂ ಕುಗ್ಗುತ್ತದೆ. ಮಧ್ಯೆ ಮಧ್ಯೆ ಬಿಸ್ಕತ್ತು, ಕುರುಕಲು ಕೊಡುತ್ತಿದ್ದೀರಾ? ಇವೆರಡನ್ನು ಸರಿಮಾಡಿದರೆ ಅರ್ಧ ಕೆಲಸ ಮುಗಿದಂತೆ. ಮೂರು ಹೊತ್ತು ಊಟ, ಮಧ್ಯೆ ಎರಡು ಸಲ ಹಣ್ಣೋ ಏನೋ. ಅದರ ಆಚೆ ನೀರು ಮಾತ್ರ.

ಆಮೇಲೆ ಒಂದೇ ಹೊತ್ತಿನ ಊಟದಿಂದ ಶುರುಮಾಡಿ, ಎಲ್ಲರೂ ಮನೆಯಲ್ಲಿರುವ ಹೊತ್ತು ಒಳ್ಳೆಯದು. ಅವಳನ್ನು ನಿಮ್ಮ ಪಕ್ಕ ಕೂರಿಸಿಕೊಂಡು ನೀವೂ ಊಟ ಮಾಡಿ. ಅವಳ ಕೈಗೇ ಅನ್ನ ಸಿಗಲಿ, ಮೈಗೆ ಮೆತ್ತಿಕೊಳ್ಳಲಿ, ನೆಲ ಆಮೇಲೆ ಒರೆಸಿದರಾಯಿತು. ಏನು ಕೊಡಬೇಕು, ಎಷ್ಟೊತ್ತಿಗೆ ಕೊಡಬೇಕು ಅನ್ನುವುದು ನಿಮ್ಮ ತೀರ್ಮಾನ, ಎಷ್ಟು ತಿನ್ನಬೇಕು ಅನ್ನುವುದು ಅವಳದ್ದು. ಅರ್ಧ ಗಂಟೆಯಾದರೂ ತಿನ್ನದಿದ್ದರೆ ಬೈಯದೆ ತಟ್ಟೆ ಎತ್ತಿ. ಮುಂದಿನ ಊಟದ ತನಕ ಬೇರೇನೂ ಬೇಡ. ಮೊದಲ ಕೆಲವು ದಿನ ಕಡಿಮೆಯೇ ತಿನ್ನುತ್ತಾಳೆ, ಅಳುತ್ತಾಳೆ, ನಿಮ್ಮ ಅತ್ತೆಯೋ ಅಮ್ಮನೋ ಕರಗಿ ಮೊಬೈಲ್ ತರುತ್ತಾರೆ. ಅವರಿಗೆ ಮೊದಲೇ ಹೇಳಿಟ್ಟಿರಿ. ಆರೋಗ್ಯವಾಗಿರುವ ಮಗು ಹಸಿವಾದರೆ ತಿನ್ನುತ್ತದೆ. ಧೈರ್ಯಕ್ಕೆ ಬೇಕಾದರೆ ಅಂಗನವಾಡಿಯಲ್ಲಿ ತೂಕ ನೋಡಿಸಿ, ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆ ತೋರಿಸಿ ಕೇಳಿ. ಪಕ್ಕದ ಮನೆ ಮಗುವಿನ ಕೆನ್ನೆ ನೋಡಿ ಅಳೆಯಬೇಡಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಅದಕ್ಕಿಂತ ಕಡಿಮೆ ಆದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೂ ಎರಡು ವರ್ಷದೊಳಗೆ ಬೇಡವೇ ಬೇಡ, ಐದರ ತನಕ ದೊಡ್ಡವರು ಜೊತೆಗಿದ್ದು ಒಂದು ಗಂಟೆಯೊಳಗೆ ಅನ್ನುತ್ತದೆ. ಮೂರು ಊಟಕ್ಕೂ ಮೊಬೈಲ್ ಇಟ್ಟರೆ ಆ ಒಂದು ಗಂಟೆ ಊಟದಲ್ಲೇ ಮುಗಿದುಹೋಗುತ್ತದೆ, ಅಲ್ವಾ?

ಕೊನೆಯದಾಗಿ ಒಂದು ಮಾತು. ಹೆಸರು ಕರೆದರೆ ತಿರುಗುತ್ತಾಳಾ? ಎರಡು ಪದ ಸೇರಿಸಿ 'ಅಮ್ಮ ಬಾ', 'ಹಾಲು ಬೇಕು' ಅಂತ ಹೇಳುತ್ತಾಳಾ? ಇಲ್ಲ ಅಂತಾದರೆ 'ಮೊಬೈಲ್ ಬಿಟ್ಟರೆ ಸರಿಹೋಗುತ್ತದೆ' ಅಂತ ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ. ಮೊಬೈಲಿನಿಂದಲೇ ಆಟಿಸಂ ಬರುತ್ತದೆ ಅನ್ನುವ ವಿಡಿಯೊಗಳು ಹರಿದಾಡುತ್ತಿವೆ, ಅವುಗಳನ್ನು ನಂಬಿ ನಿಮ್ಮನ್ನು ನೀವು ಬೈದುಕೊಳ್ಳುವುದು ಬೇಡ, ತಡ ಮಾಡುವುದೂ ಬೇಡ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಶಾಲೆಯಿಂದ ಬಂದ ಕೂಡಲೇ ಅವನಿಗೆ ಅಮ್ಮನ ಮೊಬೈಲ್ ಬೇಕು. ಕಿತ್ತುಕೊಂಡರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಎರಡು ಏಟು ಹಾಕಿದರೆ ಅವತ್ತಿಗೆ ಸುಮ್ಮನಾಗುತ್ತಾನೆ, ಮರುದಿನ ಮತ್ತೆ ಅದೇ. ಕೊನೆಗೆ ರಂಪ ತಡೆಯಲಾರದೆ ಕೊಟ್ಟುಬಿಡುತ್ತೇವೆ. ನಾವೂ ಏಟು ತಿಂದೇ ಬೆಳೆದವರು, ನಮಗೇನೂ ಆಗಲಿಲ್ಲ. ಇವನಿಗೆ ಯಾಕೆ ನಾಟುತ್ತಿಲ್ಲ?
ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: 'ಕೊನೆಗೆ ಕೊಟ್ಟುಬಿಡುತ್ತೇವೆ' ಅಂತ ಬರೆದಿದ್ದೀರಲ್ಲ, ಗಂಟು ಇರುವುದು ಅಲ್ಲೇ. ಐದು ಸಲ ಕೊಡದೆ ಆರನೇ ಸಲ ಕೊಟ್ಟರೆ ಮಗ ಕಲಿಯುವುದು 'ಅಪ್ಪ ಇಲ್ಲ ಅಂದರೆ ಇಲ್ಲ' ಅಂತ ಅಲ್ಲ. 'ಇನ್ನೂ ಸ್ವಲ್ಪ ಜೋರಾಗಿ ಕೂಗಬೇಕು' ಅಂತ. ಕೇಳಿದಾಗಲೆಲ್ಲ ಕೊಡುವ ಮನೆಗಿಂತ ಒಮ್ಮೆ ಕೊಟ್ಟು ಒಮ್ಮೆ ಕೊಡದ ಮನೆಯಲ್ಲಿ ಹಟ ಗಟ್ಟಿಯಾಗಿ ಬೇರು ಬಿಡುತ್ತದೆ. ಇನ್ನೊಂದು ಗೊತ್ತಿರಲಿ. ಕೊಡುವುದನ್ನು ನಿಜವಾಗಿ ನಿಲ್ಲಿಸಿದಾಗ ಹಟ ಕೂಡಲೇ ಇಳಿಯುವುದಿಲ್ಲ, ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಬಹಳ ಮನೆಗಳಲ್ಲಿ ಅಪ್ಪ ಅಮ್ಮ ಸೋಲುವುದು ಆ ಏರುವ ಹೊತ್ತಿನಲ್ಲೇ. ಇನ್ನೆರಡು ದಿನ ತಡೆದುಕೊಂಡಿದ್ದರೆ ಆಗುತ್ತಿತ್ತು ಅನ್ನುವಾಗ ಕೈಬಿಡುತ್ತಾರೆ.

ಏಟಿನ ವಿಷಯ ನೇರವಾಗಿ ಹೇಳುತ್ತೇನೆ. ನಿಲ್ಲಿಸಿ. ಹೊಡೆದರೆ ಆ ಕ್ಷಣಕ್ಕೆ ಮಗು ಸುಮ್ಮನಾಗುತ್ತದೆ, ಅದಕ್ಕೇ ಅದು ದೊಡ್ಡವರಿಗೆ ಅಭ್ಯಾಸವಾಗುವುದು. ಆದರೆ ಏಟು ತಿಂದ ಮಗುವಿಗೆ ನೆನಪಿರುವುದು ನೋವು ಮತ್ತು ಅವಮಾನ, ಯಾಕೆ ಹೊಡೆದರು ಅನ್ನುವುದಲ್ಲ. ಮುಂದಿನ ಸಲ ಅದು ಮೊಬೈಲ್ ಬಿಡುವುದಿಲ್ಲ, ಬಚ್ಚಿಟ್ಟುಕೊಂಡು ನೋಡುತ್ತದೆ. ಸಿಟ್ಟು ಬಂದಾಗ ಕೈ ಎತ್ತಬಹುದು ಅಂತಲೂ ಕಲಿಯುತ್ತದೆ, ನಿಮ್ಮ ಮಗ ವಸ್ತು ಎಸೆಯುತ್ತಿರುವುದನ್ನು ಹಾಗೆ ನೋಡಿ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು, ಮನಸ್ಸಿಗೆ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಸ್ವೀಡನ್ ದೇಶದಲ್ಲಿ 1979ರಿಂದ ಮನೆಯಲ್ಲೂ ಹೊಡೆಯುವಂತಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಲ್ಲಿ ಹೊಡೆಯುವುದರಿಂದ ಲಾಭವಿಲ್ಲ, ಮಕ್ಕಳಲ್ಲಿ ಸಿಟ್ಟು ಹೆಚ್ಚುತ್ತದೆ ಅಂತ ಸ್ಪಷ್ಟವಾಗಿ ಹೇಳಿತು. ನೀವು ಏಟು ತಿಂದೂ ಚೆನ್ನಾಗಿ ಬೆಳೆದಿರಿ, ನಿಜ. ಅದು ಏಟಿನಿಂದ ಅಲ್ಲ, ಮನೆಯಲ್ಲಿ ಸಿಕ್ಕ ಬೇರೆ ಒಳ್ಳೆಯದರಿಂದ.

ಹಾಗಾದರೆ ಏನು ಮಾಡುವುದು? ರಂಪದ ಹೊತ್ತಿನಲ್ಲಿ ನಿಯಮ ಮಾಡಬೇಡಿ. ಭಾನುವಾರ ಬೆಳಿಗ್ಗೆ, ಎಲ್ಲರ ಮನಸ್ಸು ಚೆನ್ನಾಗಿದ್ದಾಗ, ಮಗನನ್ನೂ ಕೂರಿಸಿಕೊಂಡು ಅವನ ದಿನವನ್ನು ಹಾಳೆಯ ಮೇಲೆ ಬರೆಯಿರಿ. ಐದರಿಂದ ಹತ್ತು ವರ್ಷದ ಮಕ್ಕಳಿಗೆ ಎರಡು ಗಂಟೆಯೊಳಗೆ ಅಂತ ನಮ್ಮ ಮಕ್ಕಳ ವೈದ್ಯರ ಸಂಘ ಹೇಳುತ್ತದೆ, ಆದರೆ ಅದು ಮಿತಿ, ಕೊಡಲೇಬೇಕಾದ ಪಾಲು ಅಲ್ಲ. ಈ ವಯಸ್ಸಿಗೆ ಕನಿಷ್ಠ ಒಂಬತ್ತು ಗಂಟೆ ನಿದ್ದೆ ಬೇಕು, ದಿನಕ್ಕೆ ಒಂದು ಗಂಟೆ ಓಡಾಡಿ ಬೆವರಬೇಕು. ಐದಕ್ಕೆ ಮನೆಗೆ ಬಂದು ಒಂಬತ್ತೂವರೆಗೆ ಮಲಗುವ ಹುಡುಗನಿಗೆ ಕೈಯಲ್ಲಿ ಇರುವುದು ನಾಲ್ಕೂವರೆ ಗಂಟೆ. ಅದರಲ್ಲಿ ಆಟ, ಹೋಮ್‌ವರ್ಕ್, ಊಟ, ಸ್ನಾನ ತೆಗೆದರೆ ಎಷ್ಟು ಉಳಿಯುತ್ತದೆ ಅಂತ ಅವನೇ ಕೂಡಿ ಕಳೆಯಲಿ. ಮುಕ್ಕಾಲು ಗಂಟೆ ಅಂತ ಅವನ ಬಾಯಲ್ಲೇ ಬಂದರೆ ಅರ್ಧ ಜಗಳ ಅಲ್ಲಿಗೇ ಮುಗಿಯಿತು. ಅವನು ಬಂದ ಕೂಡಲೇ ಮೊಬೈಲ್ ಬೇಡ. ಮೊದಲು ತಿಂಡಿ, ಹೊರಗೆ ಆಟ, ಹೋಮ್‌ವರ್ಕ್, ಆಮೇಲೆ ಅದು.

ಈಗ ಕೊನೆಯ ಐದು ನಿಮಿಷದ ವಿಷಯ, ಬಹಳ ಜಗಳ ಆಗುವುದು ಅಲ್ಲೇ. ಮಕ್ಕಳು ನೋಡುವ ವಿಡಿಯೊಗಳಿಗೆ ಮುಗಿಯುವ ಜಾಗವೇ ಇಲ್ಲ, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಶುರು. ಯೂಟ್ಯೂಬಿನಲ್ಲಿ ಆಟೋಪ್ಲೇ ಆಫ್ ಮಾಡಿ. ಶಾರ್ಟ್ಸ್ ಬದಲು ಮೊದಲು, ಮಧ್ಯ, ಕೊನೆ ಇರುವ ಏನಾದರೂ ನೋಡಲಿ. ಆಟ ಆಡುತ್ತಿದ್ದರೆ ಮಧ್ಯದಲ್ಲಿ ಕಿತ್ತುಕೊಳ್ಳಬೇಡಿ. ಹತ್ತು ನಿಮಿಷ ಮುಂಚೆ ಹೋಗಿ ಪಕ್ಕದಲ್ಲಿ ಕೂತು 'ಇದೊಂದು ಮ್ಯಾಚ್, ಆಮೇಲೆ ಆಫ್' ಅಂತ ಹೇಳಿ. ಅಡುಗೆಮನೆಯಿಂದ ಕೂಗಿದ ಮಾತಿಗೆ ಬೆಲೆ ಇಲ್ಲ. ಹೊತ್ತು ಮೀರಿ ಕಾಲು ಗಂಟೆ ಜಾಸ್ತಿ ಆಡಿದನೋ, ನಾಳೆ ಕಾಲು ಗಂಟೆ ಕಮ್ಮಿ. 'ಇನ್ನೊಂದು ತಿಂಗಳು ಮೊಬೈಲ್ ಮುಟ್ಟುವ ಹಾಗಿಲ್ಲ' ಅಂತ ಸಿಟ್ಟಿನಲ್ಲಿ ಹೇಳಬೇಡಿ, ಮೂರನೇ ದಿನಕ್ಕೆ ನೀವೇ ಕೊಡುತ್ತೀರಿ, ಆಗ ನಿಮ್ಮ ಮುಂದಿನ ಮಾತನ್ನೂ ಅವನು ನಂಬುವುದಿಲ್ಲ. ನಡೆಸಲು ಆಗುವಷ್ಟೇ ಸಣ್ಣ ನಿಯಮ ಮಾಡಿ, ಮಾಡಿದ್ದನ್ನು ನಡೆಸಿ.

ಎಸೆದಾಡಿದರೆ? ಒಡೆಯುವ ವಸ್ತು ದೂರ ಇಟ್ಟು ಅಲ್ಲೇ ಕೂರಿ. ಮಾತು ಕಡಿಮೆ ಮಾಡಿ, ದನಿ ತಗ್ಗಿಸಿ. ಸಿಟ್ಟು ಬಂದಿದೆ ಅಂತ ಗೊತ್ತು, ಆದರೆ ಇವತ್ತಿಗೆ ಮುಗಿಯಿತು, ಅಷ್ಟೇ. ಉಪದೇಶ ಆ ಹೊತ್ತಿಗೆ ಕಿವಿಗೆ ಹೋಗುವುದಿಲ್ಲ. ಶಾಂತವಾದ ಮೇಲೆ ಎಸೆದದ್ದನ್ನೆಲ್ಲ ಅವನೇ ಎತ್ತಿಡಲಿ. ನಿಮ್ಮಿಬ್ಬರ ಮಾತು ಒಂದೇ ಇರಲಿ. ಅಪ್ಪ ಇಲ್ಲ ಅಂದದ್ದನ್ನು ಅಮ್ಮ ಮರೆಯಲ್ಲಿ ಕೊಟ್ಟರೆ ಮೇಲೆ ಬರೆದ ಯಾವುದೂ ನಡೆಯುವುದಿಲ್ಲ. ಮೊಬೈಲಿನ ಲಾಕ್ ಅವನಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ. ಅವನಿಗೇ ಬೇರೆ ಫೋನ್ ಇರುವ ಮನೆಗಳಲ್ಲಿ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿ ದಿನದ ಮಿತಿ, ಮಲಗುವ ಹೊತ್ತು ಇಡಬಹುದು. ನೀವು ಅಮ್ಮನ ಫೋನನ್ನೇ ಕೊಡುತ್ತಿದ್ದೀರಿ, ಆದ್ದರಿಂದ ಲಾಕ್ ಮತ್ತು ನಿಮ್ಮ ಮಾತೇ ಗತಿ. ಸಾಧ್ಯವಾದರೆ ಫೋನಿನ ಬದಲು ಹಾಲಿನ ಟಿವಿಯಲ್ಲೇ ನೋಡಲಿ. ಏನು ನೋಡುತ್ತಿದ್ದಾನೆ ಅಂತ ಎಲ್ಲರಿಗೂ ಕಾಣುತ್ತದೆ.

ಇನ್ನು ಅಪ್ಪನಾಗಿ ನಿಮ್ಮ ಪಾಲಿನ ಕೆಲಸ. ಮೊಬೈಲ್ ತೆಗೆದ ಜಾಗ ಖಾಲಿ ಬಿಡಬೇಡಿ. ವಾರದಲ್ಲಿ ಒಂದೆರಡು ಸಂಜೆ ಉಣಕಲ್ ಕೆರೆ ಕಡೆಗೋ ನೃಪತುಂಗ ಬೆಟ್ಟಕ್ಕೋ ಕರೆದುಕೊಂಡು ಹೋಗಿ, ಅಲ್ಲಿ ನಿಮ್ಮ ಫೋನೂ ಜೇಬಿನಲ್ಲೇ ಇರಲಿ. ಓಣಿಯ ನಾಲ್ಕು ಮಕ್ಕಳನ್ನು ಸೇರಿಸಿ ಲಗೋರಿ ಹಚ್ಚಿಸಿ. ಬೈಯುವ ಅಪ್ಪ ಆಡುವುದಕ್ಕೂ ಬರುತ್ತಾನೆ ಅಂತ ಗೊತ್ತಾದರೆ ಅವನು ಬೈದದ್ದಕ್ಕೂ ತೂಕ ಬರುತ್ತದೆ.

ಪ್ರಶ್ನೆ: ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ನಾಲ್ಕು ವರ್ಷದ ಮೊಮ್ಮಗ ಮಧ್ಯಾಹ್ನದಿಂದ ನನ್ನ ಜೊತೆ. ನನಗೆ ಮಂಡಿ ನೋವು, ಅವನ ಹಿಂದೆ ಓಡಲು ಆಗುವುದಿಲ್ಲ. ಟಿವಿ ಹಾಕಿ ಕೂರಿಸುತ್ತೇನೆ. ಸಂಜೆ ಬಂದವರು 'ಅಮ್ಮ, ಇವನನ್ನು ನೀವೇ ಹಾಳು ಮಾಡುತ್ತಿದ್ದೀರಿ' ಅನ್ನುತ್ತಾರೆ. ಮನಸ್ಸಿಗೆ ತುಂಬಾ ನೋವಾಗುತ್ತದೆ.
ಒಬ್ಬ ಅಜ್ಜಿ, ಮೈಸೂರು

ಉತ್ತರ: ಅಮ್ಮಾ, ಮೊದಲು ನಿಮ್ಮ ಮಗ ಸೊಸೆಗೆ ಎರಡು ಮಾತು. ಈ ವಯಸ್ಸಿನಲ್ಲಿ, ಆ ಮಂಡಿ ಇಟ್ಟುಕೊಂಡು, ಅವರು ದಿನವೂ ಮಗುವನ್ನು ನೋಡಿಕೊಳ್ಳುತ್ತಿದ್ದಾರೆ. ಹಾಳು ಮಾಡುತ್ತಿದ್ದೀರಿ ಅನ್ನುವ ಮಾತು ಅವರಿಗೆ ಹೇಳುವಂಥದ್ದಲ್ಲ, ಮಗುವಿನ ಎದುರಿಗೆ ಅಂತೂ ಖಂಡಿತ ಅಲ್ಲ. ಅಜ್ಜಿಯ ಮಾತಿಗೆ ಬೆಲೆ ಇಲ್ಲ ಅಂತ ಮಗುವಿಗೆ ನೀವೇ ಕಲಿಸಿಕೊಟ್ಟಂತೆ ಆಗುತ್ತದೆ. ಏನು ಬೇಕು ಅನ್ನುವುದನ್ನು ಕೂತು ಹೇಳಿ, ಅದಕ್ಕೆ ಬೇಕಾದ ವ್ಯವಸ್ಥೆ ಮಾಡಿಕೊಡಿ. ಸಂಜೆ ಎರಡು ಗಂಟೆ ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋಗುವ ಯಾರಾದರೂ ಸಿಗುತ್ತಾರಾ ಅಂತ ನೋಡಿ.

ಈಗ ನಿಮಗೆ. ಟಿವಿ ಪೂರ್ತಿ ಬಿಡಬೇಕಾಗಿಲ್ಲ. ದಿನಕ್ಕೆ ಒಂದು ಗಂಟೆ, ಅದೂ ನಿಮಗೆ ನಿಜವಾಗಿ ವಿಶ್ರಾಂತಿ ಬೇಕಾದ ಹೊತ್ತಿಗೆ ಇಟ್ಟುಕೊಳ್ಳಿ. ಗಡಿಯಾರದ ದೊಡ್ಡ ಮುಳ್ಳು ಒಂದು ಸುತ್ತು ಬಂದರೆ ಆಫ್ ಅಂತ ಅವನಿಗೇ ತೋರಿಸಿ, ಆಫ್ ಮಾಡುವ ಗುಂಡಿ ಅವನೇ ಒತ್ತಲಿ. ಉಳಿದ ಹೊತ್ತು ನೀವು ಓಡಬೇಕಾಗಿಲ್ಲ, ನೀವು ಕೂತಲ್ಲಿಗೇ ಅವನು ಬರುತ್ತಾನೆ. ನಾಲ್ಕು ವರ್ಷದ ಮಗುವಿಗೆ ಅವರೆಕಾಯಿ ಸುಲಿಯುವುದು, ಸೊಪ್ಪು ಬಿಡಿಸುವುದು, ಒಗೆದ ಬಟ್ಟೆಯಲ್ಲಿ ಕಾಲುಚೀಲದ ಜೋಡಿ ಹುಡುಕುವುದು ಆಟವೇ. ಹುಣಸೆ ಬೀಜ ಎಣಿಸಿ ಅಳಗುಳಿಮಣೆ ಆಡಿಸಿ. ಕಥೆ ಹೇಳಿ, ಒಂದೇ ಕಥೆಯನ್ನು ದಿನಾ ಕೇಳಿದರೂ ಅವನಿಗೆ ಬೇಜಾರಿಲ್ಲ. 'ಅಜ್ಜಿ, ಬೋರ್' ಅಂದರೆ ಗಾಬರಿ ಬೇಡ. ಸ್ವಲ್ಪ ಹೊತ್ತು ಬಿಟ್ಟರೆ ಅವನೇ ಏನಾದರೂ ಹುಡುಕಿಕೊಳ್ಳುತ್ತಾನೆ.

ಪ್ರಶ್ನೆ: ಏಳು ವರ್ಷದ ಮಗಳಿಗೆ ಕನ್ನಡಕ ಬಂತು. ಮೊಬೈಲ್ ನೋಡಿಯೇ ಹೀಗಾಯಿತಾ? ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಅಂತ ಮನೆಯಲ್ಲಿ ಹೇಳುತ್ತಾರೆ.
ಶಿವಮೊಗ್ಗ

ಉತ್ತರ: ಕನ್ನಡಕ ಹಾಕಿದರೆ ನಂಬರ್ ಏರುವುದಿಲ್ಲ. ಹಾಕಿಸಿ, ಶಾಲೆಯಲ್ಲೂ ಹಾಕಿಕೊಳ್ಳಲಿ. ಇದು ಮೊಬೈಲಿನಿಂದಲೇ ಅಂತ ಹೇಳಲಾಗದು, ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೂ ಬರುವುದುಂಟು. ಆದರೆ ಗಂಟೆಗಟ್ಟಲೆ ಹತ್ತಿರದ್ದನ್ನೇ ನೋಡುವುದು, ಬಯಲು ಬೆಳಕಿನಲ್ಲಿ ಆಡದಿರುವುದು, ಎರಡೂ ಸೇರಿ ದೂರದ್ದು ಕಾಣದ ತೊಂದರೆಯನ್ನು ಹೆಚ್ಚಿಸುತ್ತವೆ. ದಿನಕ್ಕೆ ಎರಡು ಗಂಟೆ ಹೊರಗೆ ಹಗಲು ಬೆಳಕಿನಲ್ಲಿ ಇದ್ದರೆ ಮಕ್ಕಳ ಕಣ್ಣಿಗೆ ಒಳ್ಳೆಯದು. ಓದುವಾಗ, ನೋಡುವಾಗ ಪ್ರತಿ 20 ನಿಮಿಷಕ್ಕೆ ಒಮ್ಮೆ 20 ಸೆಕೆಂಡು ದೂರದ ಮರವನ್ನೋ ಕಂಬವನ್ನೋ ನೋಡಲಿ. ಕಣ್ಣಿನ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಮತ್ತೆ ತೋರಿಸಿ.

ಪ್ರಶ್ನೆ: ಮಗನಿಗೆ ಹದಿನಾಲ್ಕು. ರಾತ್ರಿ ಎರಡು ಗಂಟೆ ತನಕ ಫೋನಿನಲ್ಲಿ ಗೇಮ್. ಬೆಳಿಗ್ಗೆ ಏಳುವುದಿಲ್ಲ, ಮಾರ್ಕ್ಸ್ ಬಿದ್ದುಹೋಗಿದೆ. ಮೊನ್ನೆ ನನ್ನ ಖಾತೆಯಿಂದ ಆರು ಸಾವಿರ ರೂಪಾಯಿ ಗೇಮಿಗೆ ಹೋಗಿದೆ. ಫೋನ್ ಒಡೆದುಹಾಕುತ್ತೇನೆ ಅಂತ ಅವರಪ್ಪ, ಒಡೆದರೆ ಮನೆ ಬಿಟ್ಟು ಹೋಗುತ್ತೇನೆ ಅಂತ ಇವನು. ಇದು ಚಟವಾ?
ಒಬ್ಬ ತಾಯಿ, ಬೆಂಗಳೂರು

ಉತ್ತರ: ಫೋನ್ ಒಡೆಯುವುದು ಬೇಡ. ಅದರಿಂದ ಜಗಳ ದೊಡ್ಡದಾಗುತ್ತದೆ, ಆಟ ನಿಲ್ಲುವುದಿಲ್ಲ, ಸ್ನೇಹಿತನ ಫೋನಿನಲ್ಲಿ ಮುಂದುವರಿಯುತ್ತದೆ.

ಮೊದಲು ನಿದ್ದೆ ಸರಿಮಾಡಿ, ಉಳಿದದ್ದು ಆಮೇಲೆ. ಈ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ದೇಹಕ್ಕೇ ನಿದ್ದೆ ತಡವಾಗಿ ಬರುತ್ತದೆ, ಕಣ್ಣೆದುರಿನ ಬೆಳಕು, ಆಟದ ಉದ್ವೇಗ ಅದನ್ನು ಇನ್ನೂ ಮುಂದಕ್ಕೆ ತಳ್ಳುತ್ತವೆ. ನಿದ್ದೆಗೆಟ್ಟ ಹುಡುಗನಿಗೆ ಸಿಟ್ಟು ಜಾಸ್ತಿ, ಓದಿದ್ದು ತಲೆಗೆ ಹತ್ತುವುದಿಲ್ಲ. ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಫೋನುಗಳೂ ಹಾಲಿನಲ್ಲಿ ಚಾರ್ಜಿಗೆ. ಎಲ್ಲ ಅಂದರೆ ನಿಮ್ಮದೂ, ಅವರಪ್ಪನದ್ದೂ. ಬೆಳಿಗ್ಗೆ ಏಳಲು ಅಲಾರಂ ಬೇಕು ಅನ್ನುವ ನೆಪಕ್ಕೆ ಒಂದು ಸಾದಾ ಅಲಾರಂ ಗಡಿಯಾರ ತಂದಿಡಿ. ಈ ಒಂದು ನಿಯಮ ಒಂದು ತಿಂಗಳು ಗಟ್ಟಿಯಾಗಿ ನಿಂತರೆ ಹಗಲಿನ ಮಿತಿಯ ಬಗ್ಗೆ ಆಮೇಲೆ ಮಾತಾಡಬಹುದು.

ದುಡ್ಡಿನ ವಿಷಯ. ಹಣ ಎಲ್ಲಿಗೆ ಹೋಗಿದೆ ಅಂತ ಮೊದಲು ನೋಡಿ. ಪ್ಲೇ ಸ್ಟೋರ್ ಮೂಲಕ ಆಟದೊಳಗೆ ಬಂದೂಕು, ಬಟ್ಟೆ ಕೊಂಡಿದ್ದರೆ 48 ಗಂಟೆಯೊಳಗೆ ಅಲ್ಲೇ ಹಣ ವಾಪಸ್ ಕೇಳಲು ಅವಕಾಶ ಇದೆ. ಯಾರೋ ಮೋಸದಿಂದ ತೆಗೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟವಾಗಿದ್ದರೆ, ಅಂಥವನ್ನು 2025ರಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ, ಮಗನಿಗೆ ಅದನ್ನು ತಿಳಿಸಿ. ಯುಪಿಐ ಪಿನ್ ಬದಲಿಸಿ, ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ. ಹೋದ ಹಣವನ್ನು ಅವನ ಪಾಕೆಟ್ ಮನಿಯಲ್ಲಿ ತಿಂಗಳಿಗೆ ಇಷ್ಟು ಅಂತ ಹಿಡಿಯಿರಿ. ಕಳ್ಳ ಅನ್ನುವ ಪದ ಮಾತ್ರ ಬಳಸಬೇಡಿ. ಅವನು ಮಾಡಿದ್ದು ತಪ್ಪು ಅಂತ ಅವನಿಗೆ ಗೊತ್ತಾಗಬೇಕು, ತಾನೇ ಕೆಟ್ಟವನು ಅಂತ ಅನ್ನಿಸಬಾರದು.

ಚಟವಾ ಅಂತ ಕೇಳಿದ್ದೀರಿ. ಜಾಸ್ತಿ ಆಡುವವರೆಲ್ಲ ಚಟಕ್ಕೆ ಬಿದ್ದವರಲ್ಲ. ಗೇಮಿಂಗ್ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ನಿಲ್ಲಿಸಬೇಕು ಅಂದರೂ ನಿಲ್ಲಿಸಲಾಗದಿರುವುದು, ಊಟ ಓದು ಸ್ನೇಹಿತರು ಎಲ್ಲಕ್ಕಿಂತ ಆಟವೇ ಮುಂದಾಗುವುದು, ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇದ್ದರೆ ಹಾಗೆ ಹೇಳುತ್ತಾರೆ. ನಿಮ್ಮ ಮಗನನ್ನು ನೋಡದೆ ನಾನು ಹೇಳಲಾರೆ. ಆದರೆ ನೀವು ಬೆಂಗಳೂರಿನಲ್ಲೇ ಇದ್ದೀರಿ, ಅಲ್ಲೇ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಿಂದ ಶಟ್ ಕ್ಲಿನಿಕ್ ಇದೆ. ಹೋಗಿ ಬನ್ನಿ. 'ಹುಚ್ಚಾಸ್ಪತ್ರೆಗೆ ಯಾಕೆ' ಅನ್ನುವ ನೆಂಟರ ಮಾತಿಗೆ ಕಿವಿ ಕೊಡಬೇಡಿ. ಆಟ ಜಾಸ್ತಿಯಾಗಿರುವುದರ ಹಿಂದೆ ಶಾಲೆಯಲ್ಲಿ ಯಾರೋ ಕಾಡುತ್ತಿರುವುದೋ, ಓದು ಅರ್ಥವಾಗದೆ ಇರುವುದೋ, ಒಂಟಿತನವೋ ಎಷ್ಟೋ ಸಲ ಇರುತ್ತದೆ. ಅಲ್ಲಿ ಅವನನ್ನು ಕೂರಿಸಿಕೊಂಡು ಕೇಳುತ್ತಾರೆ.

ಮನೆ ಬಿಟ್ಟು ಹೋಗುತ್ತೇನೆ, ಸಾಯುತ್ತೇನೆ ಅನ್ನುವ ಮಾತನ್ನು ಬರೀ ಬೆದರಿಕೆ ಅಂತ ತಳ್ಳಿಹಾಕಬೇಡಿ, 'ಹೋಗು ನೋಡೋಣ' ಅಂತ ಕೆಣಕಬೇಡಿ. ಅಂಥ ದಿನ ಅವನನ್ನು ಒಬ್ಬನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೀವೂ ಮಾಡಬಹುದು, ಅವನೂ ಮಾಡಬಹುದು.

ಪ್ರಶ್ನೆ: ನಮ್ಮ ಪಕ್ಕದ ಸಾಂಗಲಿ ಜಿಲ್ಲೆಯ ಒಂದು ಊರಲ್ಲಿ ಸಂಜೆ ಸೈರನ್ ಊದಿ ಎಲ್ಲರ ಮನೆಯ ಟಿವಿ, ಮೊಬೈಲ್ ಬಂದ್ ಮಾಡಿಸುತ್ತಾರಂತೆ. ನಮ್ಮ ಊರಲ್ಲೂ ಮಾಡಬಹುದಾ?
ಗ್ರಾಮ ಪಂಚಾಯ್ತಿ ಸದಸ್ಯರು, ಅಥಣಿ ತಾಲ್ಲೂಕು

ಉತ್ತರ: ಖಂಡಿತ ಮಾಡಿ. ಆ ಊರು ಮೋಹಿತ್ಯಾಂಚೆ ವಡಗಾವ್. 2022ರಲ್ಲಿ ಶುರುಮಾಡಿದರು. ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್, ಎಂಟೂವರೆಗೆ ಇನ್ನೊಂದು. ಆ ಒಂದೂವರೆ ಗಂಟೆ ಮಕ್ಕಳಿಗೆ ಓದು, ದೊಡ್ಡವರಿಗೆ ಮಾತುಕತೆ. ಕೋವಿಡ್ ಕಾಲದ ಆನ್‌ಲೈನ್ ಪಾಠದಿಂದ ಮಕ್ಕಳ ಕೈಗೆ ಬಂದ ಮೊಬೈಲ್ ಆಮೇಲೆ ಇಳಿಯಲಿಲ್ಲ ಅನ್ನುವುದು ಅವರ ಚಿಂತೆಯಾಗಿತ್ತು. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಅಂದರೆ ನಿಯಮ ಮಕ್ಕಳಿಗೆ ಮಾತ್ರ ಅಲ್ಲ, ಅಮ್ಮನ ಸೀರಿಯಲ್ಲೂ ಬಂದ್. ಪಕ್ಕದ ಮನೆಯಲ್ಲೂ ಆಫ್ ಆಗಿದ್ದಾಗ 'ಅವನಿಗೆ ಮಾತ್ರ ಯಾಕೆ ಕೊಡುತ್ತಾರೆ' ಅನ್ನುವ ಜಗಳವೇ ಇಲ್ಲ.

ನೀವು ಇಡೀ ಊರಿಗೆ ಒಮ್ಮೆಲೇ ಬೇಡ, ಎರಡು ಓಣಿಯಿಂದ ಶುರುಮಾಡಿ, ತಾಯಂದಿರನ್ನು ಮೊದಲು ಒಪ್ಪಿಸಿ. ಪಂಚಾಯ್ತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತೇವಲ್ಲ, ಅದನ್ನು ಆ ಹೊತ್ತಿಗೆ ತೆರೆದಿಡಿಸಿ. ಮಕ್ಕಳಿಗೆ ಹೋಗಿ ಕೂರಲು ಒಂದು ಜಾಗ ಇಲ್ಲದಿದ್ದರೆ ಸೈರನ್ ಬರೀ ಸದ್ದಾಗುತ್ತದೆ. ದಂಡ ಗಿಂಡ ಹಾಕಬೇಡಿ.

ಪ್ರಶ್ನೆ: ಒಂದೂವರೆ ವರ್ಷದ ಮಗ ದಿನಾ ಊರಲ್ಲಿರುವ ಅಜ್ಜಿ ತಾತನ ಜೊತೆ ವಿಡಿಯೊ ಕಾಲ್ ಮಾಡುತ್ತಾನೆ. ಇದೂ ಸ್ಕ್ರೀನ್ ಲೆಕ್ಕಕ್ಕೆ ಬರುತ್ತದಾ?
ನ್ಯೂಜೆರ್ಸಿ

ಉತ್ತರ: ಇಲ್ಲ. ಇಲ್ಲಿನ, ಅಲ್ಲಿನ ಮಕ್ಕಳ ವೈದ್ಯರಿಬ್ಬರೂ ವಿಡಿಯೊ ಕಾಲನ್ನು ಬೇರೆ ಇಟ್ಟಿದ್ದಾರೆ. ಅಲ್ಲಿ ಮಗು ಕೂಗಿದರೆ ಅಜ್ಜಿ ಓಗೊಡುತ್ತಾರೆ, ರೈಮ್ಸ್ ಓಗೊಡುವುದಿಲ್ಲ. ನೀವು ಪಕ್ಕದಲ್ಲಿ ಕೂತು ಮಾತು ಬೆಳೆಸಿ, ಅವನು ಎದ್ದು ಹೋದರೆ ಹಿಡಿದು ಕೂರಿಸಬೇಡಿ. ಕಾಲ್ ಮುಗಿದ ಮೇಲೆ ಫೋನ್ ಅವನ ಕೈಯಲ್ಲಿ ಉಳಿಯದಿರಲಿ.

ಪ್ರಶ್ನೆ: ನನಗೆ ಹದಿನಾರು ವರ್ಷ, ಫಸ್ಟ್ ಪಿಯುಸಿ. ಅಪ್ಪ ನನ್ನ ಫೋನ್ ದಿನಾ ಚೆಕ್ ಮಾಡುತ್ತಾರೆ, ಫ್ರೆಂಡ್ಸ್ ಮೆಸೇಜ್ ಎಲ್ಲ ಓದುತ್ತಾರೆ. ಟೆಸ್ಟಿನಲ್ಲಿ ಮಾರ್ಕ್ಸ್ ಕಮ್ಮಿ ಬಂದರೆ ಫೋನ್ ಬೀರುವಿನಲ್ಲಿ. ಅವರು ಮಾತ್ರ ಊಟ ಮಾಡುವಾಗಲೂ ರೀಲ್ಸ್ ನೋಡುತ್ತಾರೆ. ತಮ್ಮನಿಗೆ ಯಾವ ರೂಲ್ಸೂ ಇಲ್ಲ. ಇದು ಸರಿನಾ?
ಮಂಡ್ಯ

ಉತ್ತರ: ಎಲ್ಲವೂ ಸರಿಯಲ್ಲ ಕಣಮ್ಮ. ಮಗಳಿಗೆ ಒಂದು, ಮಗನಿಗೆ ಇನ್ನೊಂದು ಅನ್ನುವುದು ಸರಿಯಲ್ಲವೇ ಅಲ್ಲ. ತಾವು ಪಾಲಿಸದ ನಿಯಮವನ್ನು ಮಕ್ಕಳ ಮೇಲೆ ಹೇರುವುದೂ ನಡೆಯುವಂಥದ್ದಲ್ಲ, ಊಟದ ಹೊತ್ತಿಗೆ ಮೊಬೈಲ್ ಬೇಡ ಅಂದರೆ ಅದು ಅಪ್ಪನಿಗೂ ಸೇರಿಯೇ. ಮಾರ್ಕ್ಸಿಗೂ ಫೋನಿಗೂ ಗಂಟು ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಫೋನ್ ನೋಡಿ ಓದದೆ ಕಮ್ಮಿ ಬಂದಿದ್ದರೆ ಅದು ಬೇರೆ ಮಾತು, ಪಾಠ ಅರ್ಥವಾಗದೆ ಕಮ್ಮಿ ಬಂದಿದ್ದರೆ ಫೋನ್ ಬೀರುವಿನಲ್ಲಿ ಇಟ್ಟರೆ ಪಾಠ ಅರ್ಥವಾಗುತ್ತದಾ?

ಆದರೆ ಅಪ್ಪನ ಭಯ ಸುಳ್ಳಲ್ಲ. ನಿನ್ನ ವಯಸ್ಸಿನ ಹುಡುಗಿಯರ ಫೋಟೊ ಇಟ್ಟುಕೊಂಡು ಬೆದರಿಸುವವರು ಇದ್ದಾರೆ. ಆ ಭಯವನ್ನು ಅವರು ನಿನ್ನ ಹತ್ತಿರ ಬಾಯಿಬಿಟ್ಟು ಹೇಳುತ್ತಿಲ್ಲ, ಮೆಸೇಜ್ ಓದುತ್ತಿದ್ದಾರೆ. ಮೆಸೇಜ್ ಓದುವ ಬದಲು ನೀವಿಬ್ಬರೂ ಒಪ್ಪುವ ಕೆಲವು ಮಾತು ಆಗಲಿ: ಅಕೌಂಟುಗಳು ಪ್ರೈವೇಟ್ ಇರುತ್ತವೆ, ಗುರುತಿಲ್ಲದವರನ್ನು ಸೇರಿಸುವುದಿಲ್ಲ, ರಾತ್ರಿ ಫೋನ್ ಹಾಲಿನಲ್ಲಿ ಇಡುತ್ತೇನೆ, ತಮ್ಮನೂ ಇಡುತ್ತಾನೆ, ಅಪ್ಪನೂ ಇಡುತ್ತಾರೆ, ಬದಲಿಗೆ ನನ್ನ ಗೆಳತಿಯರ ಮಾತು ನೀವು ಓದುವುದಿಲ್ಲ. ಇದನ್ನು ಅಮ್ಮನ ಹತ್ತಿರ ಮೊದಲು ಮಾತಾಡು, ಅವರು ನಿನ್ನ ಕಡೆ ನಿಂತರೆ ಅರ್ಧ ಗೆದ್ದಂತೆ. ಟೆಸ್ಟಿನ ಮಾರ್ಕ್ಸ್ ಬಂದ ದಿನ ಮಾತ್ರ ಕೇಳಬೇಡ.

ಯಾರಾದರೂ ನಿನ್ನ ಫೋಟೊ, ಮೆಸೇಜ್ ಹಿಡಿದು ಬೆದರಿಸಿದರೆ ಡಿಲೀಟ್ ಮಾಡಬೇಡ, ದುಡ್ಡು ಕೊಡಬೇಡ, ಸ್ಕ್ರೀನ್‌ಶಾಟ್ ತೆಗೆದಿಟ್ಟು ನೀನು ನಂಬುವ ದೊಡ್ಡವರಿಗೆ ಅದೇ ದಿನ ಹೇಳು, ಅಪ್ಪನಿಗೆ ಹೇಳಲು ಭಯವಾದರೆ ಚಿಕ್ಕಮ್ಮನೋ ಕಾಲೇಜಿನ ಮೇಡಮ್ಮೋ ಆದರೂ ಸರಿ. ಯಾರೂ ಇಲ್ಲ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ, ಹದಿನೆಂಟರ ತನಕ ಅದು ನಿನಗೂ ಸೇರಿದ್ದು. ಮತ್ತು ನಿನ್ನ ಅಪ್ಪ ಈ ಪುಟ ಓದುತ್ತಿದ್ದರೆ ಅವರಿಗೆ ಒಂದೇ ಕೋರಿಕೆ: ಅಂಥ ದಿನ ಬಂದರೆ ಮಗಳು ಮೊದಲು ನಿಮ್ಮ ಹತ್ತಿರ ಬರುವ ಹಾಗಿರಲಿ. ಹೇಳಿದರೆ ಫೋನ್ ಹೋಗುತ್ತದೆ ಅನ್ನುವ ಭಯ ಇದ್ದರೆ ಅವಳು ಬಾಯಿ ಬಿಡುವುದಿಲ್ಲ.